ಹನ್ನೊಂದು ಸಲ ತಿದ್ದಿದ ಸಾಲು

ಅಪ್ಪ,

ನೀವು ತೀರಿಕೊಂಡು ಐದು ತಿಂಗಳಾಯಿತು, ಇದನ್ನು ಪೋಸ್ಟ್ ಮಾಡೋಕೆ ಅಡ್ರೆಸ್ಸೇ ಇಲ್ಲ. ಆದರೂ ಹೇಳದೆ ಕೂರೋಕೆ ಆಗ್ತಿಲ್ಲ. ಮಧ್ಯಾಹ್ನದಿಂದ ಕಾರಿಡಾರ್ ಸುತ್ತುತ್ತಲೇ ಇದ್ದೀನಿ.

ಇವತ್ತು ಲಾ ಕ್ಲಾಸಲ್ಲಿ ಮೇಡಂ ನನ್ನನ್ನೇ ಎಬ್ಬಿಸಿದರು. "ಸಂವಿಧಾನ ಸಮಿತಿಯಲ್ಲಿದ್ದ ಮೇಷ್ಟ್ರು ಹಿಂದೆ ಜೈಲಲ್ಲಿ ಕೂತು ಬರೆದ ವಿಚಾರ ನಮ್ಮ ಸಂವಿಧಾನದಲ್ಲಿ ಎಲ್ಲಿದೆ, ಹೇಳಮ್ಮ."

ಟೆಕ್ಸ್ಟ್‌ಬುಕ್ ತೆರೆದೇ ಇರಲಿಲ್ಲ. ಬಾಯಿಗೆ ಬಂದದ್ದು ನಿಮ್ಮ ಪ್ರೆಸ್ಸಿನ ಕಥೆ. ವಿಚಾರಣೆಯೇ ಇಲ್ಲದೆ ಒಳಗೆ ಹಾಕಿಸಿಕೊಂಡಿದ್ದ ಆ ಮೇಷ್ಟ್ರು ಆಗಷ್ಟೇ ಹುಟ್ಟಿದ ನಮ್ಮ ದೇಶದ ಸಂವಿಧಾನಕ್ಕೆ ಒಂದು ಸಾಲು ಸೇರಿಸಿದ್ದು, ನೀವು ಅಚ್ಚಿನ ಮೊಳೆ ಜೋಡಿಸಿದ ಆ ಸಾಲಿನ ಪ್ರೂಫನ್ನು ಅವರು ಹನ್ನೊಂದು ಸಲ ಕೆಂಪು ಇಂಕಲ್ಲಿ ತಿದ್ದಿ ವಾಪಸ್ ಕಳಿಸಿದ್ದು. "ಒಂದು ಸಾಲಿಗೆ ನನ್ನ ಕಣ್ಣು ತಿಂದುಬಿಟ್ಟ, ಪುಣ್ಯಾತ್ಮ" ಅಂತಿದ್ದಿರಲ್ಲ. ಆ ಸಾಲನ್ನೂ ತಪ್ಪಿಲ್ಲದೆ ಹೇಳಿದೆ: ಒಬ್ಬರ ಮಾತನ್ನು ಪೂರ್ತಿ ಕೇಳದೆ ಅವರನ್ನು ಶಿಕ್ಷಿಸುವಂತಿಲ್ಲ. "ಪೂರ್ತಿ" ಅನ್ನೋದು ಹನ್ನೊಂದನೇ ಪ್ರೂಫಲ್ಲಿ ಸೇರಿತು ಅಂತಲೂ ಹೇಳಿದೆ.

ಮೇಡಂ ಕೈಲಿದ್ದ ಪುಸ್ತಕ ಮುಚ್ಚಿದರು.

"ಇದೆಲ್ಲಿ ಓದಿದೆ?"

"ನಮ್ಮಪ್ಪ ಹೇಳಿದ್ದು, ಮೇಡಂ."

"ಹಾಗಾದ್ರೆ ಅವರ ಹತ್ತಿರ ಇನ್ನಷ್ಟು ಕೇಳಿಕೊಂಡು ಬಾ. ಸೋಮವಾರ ಎಲ್ಲರಿಗೂ ಹೇಳುವಿಯಂತೆ."

ಹೂಂ ಅಂದುಬಿಟ್ಟೆ.

ನಾನು ಎಂಟನೇ ಕ್ಲಾಸಲ್ಲಿದ್ದಾಗ, ನೀವು ಅಮ್ಮನನ್ನು ಬಿಟ್ಟುಹೋದ ವಾರ, ಹಾಸ್ಟೆಲಿಗೆ ಬಂದಿದ್ದಿರಿ. "ಅಪ್ಪ ಏನೋ ಹೇಳಬೇಕಂತೆ, ಐದು ನಿಮಿಷ ಬಾ" ಅಂತ ವಾರ್ಡನ್ ಕರೆದರು. "ನನಗೆ ಜ್ವರ ಅಂತ ಹೇಳಿಬಿಡಿ" ಅಂದೆ. ಗೇಟ್ ಮುಚ್ಚುವವರೆಗೂ ನೀವು ವಿಸಿಟರ್ಸ್ ಬೆಂಚಿನಲ್ಲಿ ಕೂತಿದ್ದಿರಿ. ನಾನು ಮೇಲಿನ ಕಿಟಕಿಯಿಂದ ನೋಡುತ್ತಲೇ ಇದ್ದೆ. ಆ ಐದು ನಿಮಿಷ ಆಮೇಲೂ ನಿಮಗೆ ಕೊಡಲಿಲ್ಲ.

ಸೋಮವಾರ ಮೇಡಂ ಕೇಳ್ತಾರೆ, ಅಪ್ಪ ಏನಂದರು ಅಂತ.