ಅನುಬಂಧದ ಇನ್ನೂರ ಹದಿನಾಲ್ಕನೆಯ ಸಾಲು

ಬ್ಯಾಸ್ಕೆಟ್‌ಬಾಲ್ ಪತ್ರಕರ್ತರ ಶ್ರೇಣಿ ನಿರ್ಣಯ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಿಮ್ಮ ಸಮಿತಿಯು ಈ ವರ್ಷ ಪ್ರಕಟಿಸಿರುವ ಪಟ್ಟಿಯಲ್ಲಿ ನನ್ನ ಮಗಳ ಸಾವು ಒಬ್ಬ ಪತ್ರಕರ್ತನಿಗೆ ಒಂದು ಅಂಕ ತಂದುಕೊಟ್ಟಿದೆ. ಆ ಅಂಕವನ್ನು ಹಿಂದಕ್ಕೆ ಪಡೆಯಿರಿ ಎಂದು ಕೇಳುವುದಕ್ಕೆ ಈ ಪತ್ರ. ಖಾಸಗಿಯಾಗಿ ಮೂರು ಬಾರಿ ಬರೆದಿದ್ದೆ. ಮೂರು ಬಾರಿಯೂ "ತಮ್ಮ ಕಳಕಳಿಯನ್ನು ಗಮನಿಸಲಾಗಿದೆ" ಎಂಬ ಒಂದೇ ಸಾಲು ಬಂತು. ಗಮನಿಸಿದವರು ಯಾರು, ಗಮನಿಸಿದ ಮೇಲೆ ಮಾಡಿದ್ದೇನು ಎಂಬುದು ತಿಳಿಯಲಿಲ್ಲವಾದ್ದರಿಂದ, ಎಲ್ಲರೂ ಗಮನಿಸುವಂತೆ ಈಗ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ನಿಮ್ಮ ಪಟ್ಟಿಯನ್ನು ಕಾಣದವರಿಗೆ ಎರಡು ಮಾತು. ನನ್ನ ಮಗಳು ಆಡುತ್ತಿದ್ದ ವೃತ್ತಿಪರ ಮಹಿಳಾ ಲೀಗಿನ ಬಗ್ಗೆ ಬರೆಯುವ ಮೂವತ್ತೆಂಟು ಮಂದಿಯನ್ನು ನೀವು ಪ್ರತಿವರ್ಷ ಅಳೆಯುತ್ತೀರಿ. ಒಂದು ಕಾಲಂ ವಿಶ್ವಾಸಾರ್ಹತೆಗೆ, ಪಕ್ಕದ ಕಾಲಂ ಪ್ರಭಾವಕ್ಕೆ. ಪತ್ರಕರ್ತ ಬರೆದ ಪ್ರತಿಯೊಂದು ಸುದ್ದಿಯನ್ನೂ ಅನುಬಂಧದಲ್ಲಿ ಒಂದೊಂದು ಸಾಲಾಗಿ ಬರೆದು, ಅದು ಆಮೇಲೆ ನಡೆಯಿತೇ ಇಲ್ಲವೇ ಎಂದು ನೋಡಿ, ನಡೆದಿದ್ದರೆ "ನಿಜ" ಎಂದು ಮುದ್ರೆ ಒತ್ತುತ್ತೀರಿ. ನಾನು ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವನು. ಅಳೆಯುವವರ ಬಗ್ಗೆ ನನಗೆ ಸಹಜವಾದ ಗೌರವವಿದೆ. ಆದ್ದರಿಂದಲೇ ಇನ್ನೂರ ಹದಿನಾಲ್ಕನೆಯ ಸಾಲನ್ನು ಮತ್ತೆ ಮತ್ತೆ ಓದಿದೆ. ಅಲ್ಲಿ ಹೀಗಿದೆ: "ಎದೆನೋವು ನೆಪ, ಕೋಚ್ ಮೇಲಿನ ಮುನಿಸು ಕಾರಣ. ಶನಿವಾರದ ಪಂದ್ಯ ಆಡುತ್ತಾಳೆ. ಫಲಿತ: ಆಡಿದರು. ನಿಜ."

ಹೌದು, ಆಡಿದಳು. ಹನ್ನೊಂದು ನಿಮಿಷ ಆಡಿದಳು. ಆಮೇಲೆ ಬಿದ್ದಳು, ಆಸ್ಪತ್ರೆಯ ಬಾಗಿಲು ತಲುಪುವ ಮೊದಲೇ ಅವಳ ಹೃದಯ ನಿಂತಿತ್ತು. ವಯಸ್ಸು ಇಪ್ಪತ್ತಮೂರು. ಆರಡಿ ಎರಡಂಗುಲ ಎತ್ತರದ ಆ ಹುಡುಗಿಯನ್ನು ಮನೆಯಲ್ಲಿ ನಾವು ಪುಟ್ಟಿ ಎಂದೇ ಕರೆಯುತ್ತಿದ್ದೆವು.

ಈ ಸಾಲಿನ ಸುದ್ದಿಯನ್ನು ಬರೆದವರು ನಿಮ್ಮ ಪಟ್ಟಿಯ ಪ್ರಥಮ ಸ್ಥಾನದವರು. ಆಟಗಾರ್ತಿಯರು ಆತನಿಗೆ ಇಟ್ಟಿರುವ ಅಡ್ಡಹೆಸರು ಗಡಿಯಾರ. ಯಾರ ಬಾಯಲ್ಲಿ ಕೇಳಿದರೂ ಆತ ತಪ್ಪಿದ್ದಿಲ್ಲ. ಯಾವ ತಂಡದಿಂದ ಯಾರು ಹೊರಗೆ, ಯಾರು ಒಳಗೆ ಎಂಬುದು ಆ ತಂಡದವರಿಗೆ ತಿಳಿಯುವ ಮುನ್ನ ಆತನ ಓದುಗರಿಗೆ ತಿಳಿಯುತ್ತದೆ. ಅಂಥವರು ಒಂದು ಬುಧವಾರ ಬೆಳಿಗ್ಗೆ "ನೆಪ" ಎಂದು ಬರೆದರು. ಮಧ್ಯಾಹ್ನದ ಹೊತ್ತಿಗೆ ಆ ಪದ ಎಲ್ಲರ ಬಾಯಲ್ಲಿತ್ತು. ಅಭ್ಯಾಸಕ್ಕೆ ಹೋದವಳಿಗೆ ಜೊತೆಯವರೇ, "ಏನಮ್ಮ ಮಹಾರಾಣಿ, ಇವತ್ತು ಎದೆಯೋ ತಲೆಯೋ?" ಎಂದರಂತೆ. ಇವಳೂ ನಕ್ಕಳಂತೆ. ವಾಸ್ತವ ಇಷ್ಟೇ: ಸೋಮವಾರ ಓಡುವಾಗ ಅವಳಿಗೆ ಎದೆಯಲ್ಲಿ ಏನೋ ತಪ್ಪಿದಂತಾಗಿತ್ತು. ಮುಂದಿನ ಸೋಮವಾರ ಇನ್ನೊಂದು ಪರೀಕ್ಷೆ ಮಾಡೋಣ, ಅಲ್ಲಿಯವರೆಗೆ ಆಡುವುದು ಬಿಡುವುದು ನಿನಗೆ ಬಿಟ್ಟದ್ದು ಎಂದು ತಂಡದ ವೈದ್ಯರು ಹೇಳಿದ್ದರು. ಅವಳಿಗೆ ಬಿಟ್ಟದ್ದು! ಬುಧವಾರದ ನಂತರ ಅವಳಿಗೆ ಏನನ್ನು ಬಿಟ್ಟಿದ್ದಿರಿ?

ಪಂದ್ಯದ ಹನ್ನೊಂದು ನಿಮಿಷಗಳ ಚಿತ್ರಮುದ್ರಿಕೆಯನ್ನು ನಾನು ಎಷ್ಟು ಬಾರಿ ನೋಡಿದ್ದೇನೆ ಎಂದು ಹೇಳಲಾರೆ. ಏಳನೆಯ ನಿಮಿಷದಲ್ಲಿ ಅವಳ ಬಲಗೈ ಎದೆಯ ಕಡೆಗೆ ಏಳುತ್ತದೆ. ಅಷ್ಟರಲ್ಲಿ ಕ್ಯಾಮೆರಾ ತನ್ನ ಕಡೆ ತಿರುಗಿದ್ದು ಅವಳಿಗೆ ಕಾಣುತ್ತದೆ. ಕೈ ಅರ್ಧಕ್ಕೇ ನಿಂತು, ಕೆಳಗಿಳಿದು, ಸೊಂಟದ ಮೇಲೆ ಕೂರುತ್ತದೆ. ನೋವಿರುವ ಜಾಗವನ್ನು ಮುಟ್ಟಿಕೊಳ್ಳುವ ಹಕ್ಕನ್ನೂ ಒಂದು ಪದ ಕಸಿದುಕೊಂಡಿತ್ತು. ನಿಮ್ಮ ಪ್ರಭಾವದ ಕಾಲಮಿನಲ್ಲಿ ಆ ಕೈಗೆ ಎಷ್ಟು ಅಂಕ, ಅಧ್ಯಕ್ಷರೇ?

ಕಾಲೇಜಿನ ದಿನಗಳಲ್ಲಿ ನಾನು ಚರ್ಚಾಪಟುವಾಗಿದ್ದೆ. ಮೂರು ವರ್ಷ ಸತತವಾಗಿ ಪಾರಿತೋಷಕ ಗೆದ್ದವನು. ಆ ಹಳೆಯ ಚಾಳಿಯಿಂದಲೇ ಕೇಳುತ್ತೇನೆ. ಒಬ್ಬನು ಮನೆಗೆ ಬೆಂಕಿಯಿಟ್ಟು, "ಈ ಮನೆ ಸುಡುತ್ತದೆಂದು ನಾನು ಮೊದಲೇ ಹೇಳಿರಲಿಲ್ಲವೇ?" ಎಂದರೆ ಅವನಿಗೆ ಜ್ಯೋತಿಷಿಯ ಪಟ್ಟ ಕಟ್ಟುತ್ತೀರಾ? ಅಂಗಡಿಯವನು ತಟ್ಟೆಯ ಮೇಲೆ ಬೆರಳಿಟ್ಟು ತೂಗುವಾಗ ಮುಳ್ಳು ನೆಟ್ಟಗೆ ನಿಂತಿತೆಂದು ನಾನು ಆ ತಕ್ಕಡಿಗೆ ಮುದ್ರೆ ಒತ್ತಿದ್ದರೆ ನನ್ನ ನೌಕರಿ ಉಳಿಯುತ್ತಿರಲಿಲ್ಲ. ನೀವು ವಿಶ್ವಾಸಾರ್ಹತೆಯನ್ನೂ ಪ್ರಭಾವವನ್ನೂ ಎರಡು ಬೇರೆ ಗುಣಗಳೆಂದು ಎರಡು ಕಾಲಮುಗಳಲ್ಲಿ ಕೂರಿಸಿದ್ದೀರಿ. ಆದರೆ ಆತನ ಪ್ರಭಾವವೇ ಆತನ ಮಾತನ್ನು ನಿಜ ಮಾಡಿತು. ಆತ ಬರೆಯದಿದ್ದರೆ ಅವಳು ಆಡುತ್ತಿರಲಿಲ್ಲ. ಅವಳು ಆಡದಿದ್ದರೆ ಆತನ ಸಾಲು ಸುಳ್ಳಾಗುತ್ತಿತ್ತು. ನೀವು ಬೆರಳನ್ನೇ ತೂಗಿ ಅದಕ್ಕೆ ಮುದ್ರೆ ಒತ್ತಿದ್ದೀರಿ. ಇನ್ನು "ನೆಪ" ಎಂಬ ಪದವನ್ನು ಪರೀಕ್ಷಿಸುವ ಗೋಜಿಗೇ ಹೋಗಿಲ್ಲ. ಅದು ಸುಳ್ಳೆಂದು ಆಸ್ಪತ್ರೆಯ ಕಾಗದ ಹೇಳುತ್ತದೆ. ನಾನೇ ಮೂರು ಪ್ರತಿ ಕಳಿಸಿದ್ದೇನೆ.

ಆ ಒಂದು ಸಾಲಿನ ಹೊರತು ಉತ್ತರ ಬಾರದಿದ್ದಾಗ ನಿಮ್ಮ ಕಚೇರಿಗೇ ಬಂದೆ. ನೀವು ಸಭೆಯಲ್ಲಿದ್ದಿರಿ. ನಿಮ್ಮ ಗುಮಾಸ್ತರು ಒಳ್ಳೆಯವರು. ಕುರ್ಚಿ ಕೊಟ್ಟು, ನೀರು ತಂದಿಟ್ಟು, ಅನುಬಂಧವನ್ನು ತೆರೆದು ತೋರಿಸಿದರು.

"ಸಾರ್, ಆಡ್ತಾರೆ ಅಂತ ಬರೆದಿದ್ರು. ಆಡಿದ್ರಲ್ವಾ?"

"ಹನ್ನೊಂದು ನಿಮಿಷ ಕಣಪ್ಪ."

"ನಿಯಮದಲ್ಲಿ ನಿಮಿಷ ಬರಲ್ಲ ಸಾರ್. ಅಂಗಳಕ್ಕೆ ಕಾಲಿಟ್ರೆ ಆಡಿದ ಹಾಗೆ."

"ಹೆಣವಾಗಿ ಹೊರಗೆ ಬಂದ್ರೆ?"

ಅವರು ಕಾಲಮುಗಳ ಮೇಲೆ ಒಮ್ಮೆ ಬೆರಳಾಡಿಸಿದರು. "ಅದಕ್ಕೆ ಕಾಲಂ ಇಲ್ಲ ಸಾರ್" ಎಂದರು. ವ್ಯಂಗ್ಯವಾಗಿ ಹೇಳಿದ್ದಲ್ಲ, ಪಾಪ, ಇದ್ದದ್ದನ್ನು ಹೇಳಿದರು.

ನಿಮ್ಮ ಪಟ್ಟಿಯ ತಳದಲ್ಲಿ, ಮೂವತ್ತೆಂಟನೆಯ ಸ್ಥಾನದಲ್ಲಿ, ಒಂದು ಚಿಕ್ಕ ಪತ್ರಿಕೆಯ ವರದಿಗಾರ್ತಿ ಇದ್ದಾರೆ. ಶುಕ್ರವಾರ ಅವರು ಬರೆದದ್ದು ಎರಡೇ ವಾಕ್ಯ: "ವೈದ್ಯಕೀಯ ಪರೀಕ್ಷೆ ಬಾಕಿ ಇದೆ. ಅದು ಮುಗಿಯುವವರೆಗೆ ಆಕೆ ಆಡಬಹುದೋ ಬಾರದೋ ಎಂಬುದು ನನಗೆ ತಿಳಿಯದು." ನಿಮ್ಮ ಅನುಬಂಧ ಇದಕ್ಕೆ ಕೊಟ್ಟ ಬೆಲೆ: "ಸುದ್ದಿ ಇಲ್ಲ. ಸೊನ್ನೆ." ಆ ವಾರ ನನ್ನ ಮಗಳ ಬಗ್ಗೆ ಇಡೀ ಲೀಗಿನಲ್ಲಿ ಅಚ್ಚಾದ ಏಕೈಕ ಸತ್ಯಕ್ಕೆ ಸೊನ್ನೆ. ಎಲ್ಲ ಮುಗಿದ ಮೇಲೆ ಆಕೆ ನಮ್ಮ ಮನೆಗೆ ಬಂದು ಕೂತರು, ಏನೂ ಕೇಳಲಿಲ್ಲ. ಹೊರಡುವಾಗ ಮಾತ್ರ ಹೇಳಿದರು: "ಗೊತ್ತಿಲ್ಲ ಅಂತ ಬರೆಯೋಕೆ ಆರು ಜನಕ್ಕೆ ಫೋನ್ ಮಾಡಿದ್ದೆ ಸಾರ್. ನಿಮಗೂ ಮಾಡಿದ್ದೆ."

ಮಾಡಿದ್ದರು. "ಪರೀಕ್ಷೆ ಆಯ್ತಾ ಸಾರ್?" ಎಂದು ಕೇಳಿದ್ದರು. "ನೀವು ಯಾವ ಪತ್ರಿಕೆಯವರಮ್ಮ?" ಎಂದು ನಾನು ಕೇಳಿದ್ದೆ. ಪತ್ರಿಕೆಯ ಹೆಸರು ಕೇಳಿದ ಮೇಲೆ, ಕೆಲಸವಿದೆ ಎಂದು ಫೋನ್ ಇಟ್ಟಿದ್ದೆ.

ಅಧ್ಯಕ್ಷರೇ, ನಿಮ್ಮನ್ನು ಇಷ್ಟು ಹೊತ್ತು ಕಟಕಟೆಯಲ್ಲಿ ನಿಲ್ಲಿಸಿದ ನಾನು ಈಗ ಅದೇ ಕಟಕಟೆ ಹತ್ತಬೇಕಾಗಿದೆ. ಇನ್ನೂರ ಹದಿನಾಲ್ಕನೆಯ ಸಾಲಿನ ಕೊನೆಯಲ್ಲಿ ಚಿಕ್ಕ ಅಕ್ಷರಗಳಲ್ಲಿ ಹೀಗಿದೆ: "ಮೂಲ: ಎರಡು. ತಂಡದ ಆಡಳಿತ; ಕುಟುಂಬ." ನಾನು ಅದನ್ನು ಗಟ್ಟಿಯಾಗಿ ಓದಿದಾಗ ನನ್ನ ಹೆಂಡತಿ ಕಿಟಕಿಯ ಬಳಿ ಬಟ್ಟೆ ಮಡಿಚುತ್ತಿದ್ದಳು.

"ಕುಟುಂಬ ಅಂದ್ರೆ ಯಾರು?" ಎಂದಳು.

ನಾನು ಪುಟ ತಿರುವಿದೆ. ಉತ್ತರ ನನಗೆ ಗೊತ್ತಿತ್ತು. ಬುಧವಾರದ ಹಿಂದಿನ ದಿನ, ಮಂಗಳವಾರ ಬೆಳಿಗ್ಗೆ ಗಡಿಯಾರ ನನಗೆ ಫೋನ್ ಮಾಡಿದ್ದರು. ಅಂಥ ದೊಡ್ಡ ಮನುಷ್ಯ ನನ್ನಂಥವನಿಗೆ! ಅವರ ಪತ್ರಿಕೆ ಯಾವುದೆಂದು ಕೇಳುವ ಅಗತ್ಯವೇ ಇರಲಿಲ್ಲ. ಹತ್ತು ನಿಮಿಷ ಮಾತಾಡಿದೆ. ನನ್ನ ಚರ್ಚಾಸ್ಪರ್ಧೆಯ ಕತೆಗಳನ್ನೂ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಮಗಳ ವಿಷಯ ಬಂದಾಗ ನಾನಂದೆ: "ಅದೆಂಥ ನೋವು ಬಿಡಿ ಸಾರ್, ಈ ವಯಸ್ಸಿಗೆ. ನಮ್ಮ ಮನೆತನದೋರು ಹಿಂದೆ ಸರಿಯೋರಲ್ಲ. ಶನಿವಾರ ಆಡೇ ಆಡ್ತಾಳೆ, ಬರೆದಿಟ್ಕೊಳ್ಳಿ."

ಬರೆದಿಟ್ಟುಕೊಂಡರು.

ಅದು ಅಪ್ಪನೊಬ್ಬನ ಜಂಬ. ಹೆತ್ತವರು ಯಾರು ಕೇಳಿದರೂ ಆಡುವ ಮಾತು. ಅದನ್ನು ಯಾರೋ ಸಾಕ್ಷ್ಯವೆಂದು ಪರಿಗಣಿಸಬಹುದು ಎಂಬುದು ಸಾಕ್ಷ್ಯದ ಬಗ್ಗೆ ಗಂಟೆಗಟ್ಟಲೆ ವಾದಿಸಿದ ನನ್ನ ತಲೆಗೆ ಹೊಳೆಯಲಿಲ್ಲ. ಮರುದಿನ "ಎರಡು ಆಪ್ತ ಮೂಲಗಳ ಪ್ರಕಾರ" ಎಂದು ಓದಿದಾಗಲೂ ಹೊಳೆಯಲಿಲ್ಲ. ಇಷ್ಟು ದೊಡ್ಡವರು ವಿಚಾರಿಸದೆ ಬರೆಯುತ್ತಾರೆಯೇ ಎಂದುಕೊಂಡೆ. ನನ್ನದೇ ಜಂಬ ಊರೆಲ್ಲ ಸುತ್ತಿ, ಪ್ರಥಮ ಶ್ರೇಣಿಯ ಮುದ್ರೆ ಒತ್ತಿಸಿಕೊಂಡು ಬಂದಾಗ ಅದನ್ನು ನಾನು ಪುರಾವೆಯೆಂದು ನಂಬಿ, ಗುರುವಾರ ಸಂಜೆ ಊಟದ ಮೇಜಿನ ಎದುರು ಮಗಳ ಮುಂದೆಯೇ ಮಂಡಿಸಿದೆ.

"ನೆಪ ಅಂತ ಬರೆದಿದಾರಲ್ಲ ಪುಟ್ಟಿ?"

"ಅವನೇನು ನನ್ನ ಎದೆಯೊಳಗೆ ಕೂತಿದಾನಾ ಅಪ್ಪ?"

"ಅವರು ಇದುವರೆಗೆ ತಪ್ಪಿಲ್ಲ."

"ಹಾಗಾದ್ರೆ ನಾನು ತಪ್ಪಿದೀನಾ?"

"ನಾನು ಹಾಗಂದ್ನಾ? ನೋವಿದೆ ಅನ್ನೋದಕ್ಕೆ ನಿನ್ನ ಹತ್ರ ಆಧಾರ ಏನಿದೆ, ಅದನ್ನ ಹೇಳು."

"ರೀ, ಸಾಕು ಮಾಡಿ," ಎಂದಳು ನನ್ನ ಹೆಂಡತಿ. "ಮಗಳ ಹತ್ರ ಮಾತಾಡ್ತಿದೀರೋ, ವೇದಿಕೆ ಮೇಲೆ ನಿಂತಿದೀರೋ? ಪುಟ್ಟಿ, ನೀನು ಆಡೋದು ಬೇಡ. ಸೋಮವಾರ ಆಗ್ಲಿ."

ಪುಟ್ಟಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ನನ್ನ ಕಡೆ ನೋಡಿ ನಕ್ಕಳು. "ಆಯ್ತು ಅಪ್ಪ, ನೀವೇ ಗೆದ್ರಿ. ಆಡ್ತೀನಿ." ನಾನು ಗೆದ್ದ ಕೊನೆಯ ಚರ್ಚೆ ಅದು.

ಅವಳ ಫೋನು ಇನ್ನೂ ಅವಳ ಕೋಣೆಯಲ್ಲಿದೆ. ಆರಿಸಲು ನನ್ನ ಹೆಂಡತಿ ಬಿಡುವುದಿಲ್ಲ. ಅವಳು ಹೊಂದಿಸಿಟ್ಟಿದ್ದಂತೆ, ಗಡಿಯಾರ ಹೊಸ ಸುದ್ದಿ ಬರೆದಾಗಲೆಲ್ಲ ಮುಚ್ಚಿದ ಬಾಗಿಲ ಹಿಂದೆ ಅದು ಟಣ್ಣೆನ್ನುತ್ತದೆ; ಪ್ರತಿ ಸಲವೂ "ಪುಟ್ಟೀ, ಫೋನು" ಎಂದು ಕೂಗಲು ನನ್ನ ಬಾಯಿ ತೆರೆದುಕೊಳ್ಳುತ್ತದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಲ್ಲುತ್ತದೆ. ಇಬ್ಬರೂ ಇನ್ನೊಂದು ಸದ್ದಿಗಾಗಿ, ಮಂಚ ಕಿರುಗುಟ್ಟುವುದಕ್ಕಾಗಿ, ಕಾಯುತ್ತೇವೆ. ಬಳಿಕ ಪಾತ್ರೆಯ ಸದ್ದು ಮುಂದುವರಿಯುತ್ತದೆ. ದಿನಕ್ಕೆ ಐದಾರು ಬಾರಿ ಹೀಗೆ. ನಿಮ್ಮ ಪ್ರಥಮ ಸ್ಥಾನದವರು ಬಹಳ ಚುರುಕು.

ಆದ್ದರಿಂದ ನನ್ನ ಬೇಡಿಕೆ. ಪಟ್ಟಿಯನ್ನು ರದ್ದುಮಾಡಿ ಎಂದು ನಾನು ಕೇಳುವುದಿಲ್ಲ. ಜನ ಯಾರನ್ನಾದರೂ ನಂಬಲೇಬೇಕು, ಯಾರನ್ನು ಎಂದು ತಿಳಿಸುವವರೂ ಬೇಕು. ಸಾಲಿನ ಮುಂದಿರುವ "ನಿಜ" ಎಂಬುದನ್ನು ಹೊಡೆದು "ಸುಳ್ಳು" ಎಂದು ಬರೆಯಿರಿ. ಮೂವತ್ತೆಂಟನೆಯವರ ಸೊನ್ನೆಯನ್ನು ಅಳಿಸಿರಿ. ಇವೆರಡನ್ನು ಮಾಡಲು ನಿಮ್ಮ ನಿಯಮ ಅಡ್ಡ ಬರುವುದಾದರೆ, ಮೂರನೆಯದಕ್ಕೆ ಯಾವ ನಿಯಮವೂ ಅಡ್ಡಿಯಿಲ್ಲ, ಅದನ್ನು ಈ ವಾರವೇ ಮಾಡಿರಿ: ಮೂಲದ ಜಾಗದಲ್ಲಿರುವ "ಕುಟುಂಬ" ಎಂಬ ಪದವನ್ನು ತೆಗೆದು "ತಂದೆ" ಎಂದು ಹಾಕಿರಿ. ಆ ಪದದೊಳಗೆ ನನ್ನ ಹೆಂಡತಿಯೂ ಇದ್ದಾಳೆ, ಮತ್ತು ಅವಳು ಬೇಡವೆಂದಿದ್ದಳು. ಕುಟುಂಬ ಎಂದರೆ ಯಾರೆಂದು ಅವಳು ನನ್ನನ್ನು ಎರಡನೆಯ ಬಾರಿ ಕೇಳಿಲ್ಲ. ಪತ್ರಿಕೆ ಬಂದ ಕೂಡಲೇ ಈ ಪತ್ರವನ್ನು ಓದುತ್ತಾಳೆ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಎರಡನೆಯ ಆಪ್ತ ಮೂಲ