ನಾಲ್ಕನೇ ಎಳೆತ

ಕೆಳಗೇರಿ, ಮೂರನೇ ಬಾವಿಯ ಕಟ್ಟೆ
ಫೆಬ್ರವರಿ ಮೂವತ್ತು, ಇಸವಿ ಎರಡು ಸಾವಿರದ ನೂರ ತೊಂಬತ್ಮೂರು

ವಾರಿಜಾ ಮೇಡಂ ಅವರಿಗೆ,

ಇಳಿಯಲು ಯಂತ್ರ ಬರುತ್ತದೆ ಎಂದರು. ಬಂತು. ಆದರೆ ಅದಕ್ಕೆ ತುಕ್ಕು ಹಿಡಿಯುತ್ತದೆಂದು ಅದನ್ನು ಮೇಲೆ ಇಟ್ಟು ನಮ್ಮನ್ನು ಇಳಿಸುತ್ತಾರೆ. ಮುಖವಾಡ ಕೊಡುತ್ತೇವೆ ಎಂದರು. ಕೊಟ್ಟರು, ಅದರೊಳಗೆ ಗಾಳಿ ಕೊಡಲಿಲ್ಲ. ಸತ್ತವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತೇವೆ ಎಂದರು. ಕಲ್ಲು ನಿಲ್ಲಿಸಿ, ಅದನ್ನು ಉದ್ಘಾಟಿಸಿದವರ ಹೆಸರು ಕೆತ್ತಿಸಿದರು. ನಿಮ್ಮ ಕಾಲದಲ್ಲಿ ಸುಂಕ್ಲವ್ವನ ಮಗ ಮಾರೆಪ್ಪನಿಗೆ, ಟೀವಿಯಲ್ಲಿ ನಿನ್ನ ಹೆಸರು ಬರುತ್ತದೆ ಎಂದರು. ಹೆಸರು ಬರಲಿಲ್ಲ. ಕಂತೇ ಬರಲಿಲ್ಲ. ಮಾರೆಪ್ಪನೂ ಮೇಲೆ ಬರಲಿಲ್ಲ.

ಮೇಲಿನ ತಾರೀಖು ನೋಡಿ ನಗಬೇಡಿ. ಬೇಸಿಗೆ ಎರಡು ದಿನ ತಡವಾಗಿ ಶುರುವಾಗಲಿ ಎಂದು ಮೇಲೂರಿನವರಿಗೆ ಅನ್ನಿಸಿತು, ಪಂಚಾಂಗ ತಿದ್ದಿದರು, ಅಷ್ಟೇ. ಈ ಓಲೆಯಲ್ಲಿ ನಿಮಗೆ ಗೊತ್ತಿಲ್ಲದ ಮಾತುಗಳು ಬರುತ್ತವೆ. ಕ್ಷಮಿಸಿ, ಬಂದಂತೆ ಬಿಡಿಸಿ ಹೇಳುತ್ತೇನೆ. ಇದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ, ಹಿಂದಿನ ಕಾಲಕ್ಕೆ ಬರೆಯುವ ಕಾಗದ. ದುಃಖ ಇಳಿಸಿಕೊಳ್ಳಲಿ ಎಂದು ಕೆಳಗೇರಿಯ ಮನೆಗೆ ವರ್ಷಕ್ಕೊಂದು ಹಿಂದೋಲೆಯನ್ನು ಮೇಲೂರಿನ ನೆಮ್ಮದಿ ಮಂಡಳಿಯವರೇ ದಯಪಾಲಿಸಿದ್ದಾರೆ. ಯಾರಿಗೂ ತಲುಪುವುದಿಲ್ಲ ಎಂಬ ಧೈರ್ಯ ಅವರಿಗೆ. ಅದಕ್ಕೇ ಓದದೆ ಬಿಡುತ್ತಾರೆ. ತಲುಪುತ್ತದೋ ಇಲ್ಲವೋ ನನಗೂ ಗೊತ್ತಿಲ್ಲ. ಆದರೆ ಓದದೆ ಬಿಡುವ ಕಾಗದ ಇದೊಂದೇ. ಆದ್ದರಿಂದ ಇದರಲ್ಲೇ ನಿಜ ಬರೆಯುತ್ತಿದ್ದೇನೆ.

ನನ್ನ ಹೆಸರು ಗಾದಿಲಿಂಗವ್ವ. ಮಾರೆಪ್ಪನ ಹೆಂಡತಿಯ ಅಣ್ಣ ಜಂಬಣ್ಣನಿಂದ ಎಣಿಸಿದರೆ ಏಳನೇ ತಲೆ. ನಮ್ಮ ನೆತ್ತಿಯ ಮೇಲೆ ಮೇಲೂರು ಇದೆ. ಅದರ ಮನೆಗಳನ್ನು ತಂಪಾಗಿಡುವ ನೀರು ನೆಲದಡಿಯ ದೊಡ್ಡ ಕೊಳವೆಗಳಲ್ಲಿ ಹರಿಯುತ್ತದೆ. ತಂಪು ಮೇಲೆ ಹೋಗುತ್ತದೆ. ಬಿಸಿ, ಕೆಸರು, ವಾಸನೆ ಕೆಳಗೆ ನಮಗೆ ಬರುತ್ತದೆ. ಕೊಳವೆ ಕಟ್ಟಿಕೊಂಡರೆ ಬಾವಿಯೊಳಗೆ ಹಗ್ಗ ಕಟ್ಟಿಕೊಂಡು ಇಳಿದು ತೆಗೆಯುವುದು ನಮ್ಮ ಕೆಲಸ. ನಿಮ್ಮ ಕಾಲದಲ್ಲಿ ಆ ಬಾವಿಗೆ ಮ್ಯಾನ್‌ಹೋಲ್ ಎನ್ನುತ್ತಿದ್ದಿರಂತೆ. ಹೆಸರು ಬದಲಾಯಿತು, ಜಾತಿ ಬದಲಾಗಲಿಲ್ಲ. ಇಲ್ಲಿ ಬೆಳಗಾದರೆ ಹೆಂಗಸರು ಹಗ್ಗವನ್ನು ಮೊಳ ಮೊಳವಾಗಿ ಬೆರಳಾಡಿಸಿ ನೋಡುತ್ತೇವೆ, ಎಲ್ಲಿ ಸವೆದಿದೆ, ಎಲ್ಲಿ ಎಳೆ ಬಿಟ್ಟಿದೆ ಎಂದು. ಆಮೇಲೆ ರೊಟ್ಟಿ ತಟ್ಟುತ್ತೇವೆ.

ಹಗ್ಗ ಹಿಡಿಯುವುದಕ್ಕೆ ನಮ್ಮಲ್ಲಿ ಒಂದು ಕಟ್ಟಳೆ ಇದೆ. ಗಂಡಸು ಇಳಿದರೆ ಮೇಲೆ ಹಗ್ಗ ಹಿಡಿಯುವವನು ಅವನ ಹೆಂಡತಿಯ ಅಣ್ಣನೋ ತಮ್ಮನೋ ಆಗಿರಬೇಕು. ಒಡಹುಟ್ಟಿದವಳು ಮುಂಡೆಯಾಗುವುದನ್ನು ಯಾವನೂ ಬಯಸುವುದಿಲ್ಲವಲ್ಲ, ಅದಕ್ಕೆ. ಹೆಣ್ಣು ಇಳಿದರೆ ಅವಳ ಸೋದರಮಾವ. ಅವನು ಇಪ್ಪತ್ತರವರೆಗೆ ಎಣಿಸಿ ಒಂದು ಸಲ ಕೂಗಬೇಕು. ಇಳಿದವರ ಹೆಸರು ಹಿಡಿದು ಕೂಗುವಂತಿಲ್ಲ, ಬಾವಿ ಹೆಸರು ಕಲಿತುಬಿಡುತ್ತದೆ. ಅವ್ವನ ಹೆಸರು ಹಿಡಿಯಬೇಕು. "ಸುಂಕ್ಲವ್ವನ ಮಗನೇ!" ಎಂದರೆ ಕೆಳಗಿನಿಂದ "ಅದೀನೋ!" ಎಂದು ಬರಬೇಕು. ಬರದಿದ್ದರೆ ಕೇಳುವುದು ಹೇಳುವುದು ಏನೂ ಇಲ್ಲ, ಎಳೆಯುವುದೇ. ನೂರಾರು ವರ್ಷ ನಮ್ಮನ್ನು ಉಳಿಸಿದ್ದು ಸರ್ಕಾರವಲ್ಲ, ಈ ಕೂಗು.

ಈಗ ನಿಮಗೆ ಗೊತ್ತಿರುವುದನ್ನೇ ನಿಮಗೆ ಹೇಳಬೇಕಾಗಿದೆ. ವಾರಕ್ಕೊಂದು ಕಂತು ಬರುವ ಆ ಸಸ್ಪೆನ್ಸ್ ಧಾರಾವಾಹಿಯ ಎಡಿಟರ್ ನೀವು. ಇಪ್ಪತ್ತೇಳನೇ ಕಂತಿನ ಕತೆ ಇಷ್ಟು: ಗುಟ್ಟು ತಿಳಿದ ಹೀರೋನನ್ನು ಖಳನಾಯಕ ಮ್ಯಾನ್‌ಹೋಲಿಗೆ ಇಳಿಸುತ್ತಾನೆ. ಇಳಿದವನು ಹಗ್ಗವನ್ನು ಮೂರು ಸಲ ಎಳೆಯುತ್ತಾನೆ. ಮೇಲಿನವನು ಸುಮ್ಮನೆ ನಿಂತಿರುತ್ತಾನೆ. ಹಗ್ಗ ಸಡಿಲವಾಗುತ್ತದೆ. ನೋಡುವವರ ಎದೆ ಝಲ್ಲೆನ್ನಬೇಕು. ಹೀರೋ ಎರಡು ಮೆಟ್ಟಿಲು ಇಳಿದು ಮೂಗು ಮುಚ್ಚಿಕೊಂಡು ಹತ್ತಿಬಂದ. ಅವನ ಅಂಗಿ ತೊಡಿಸಿ ಮಾರೆಪ್ಪನನ್ನು ಇಳಿಸಿದರು. ವಿಷಗಾಳಿ ಹೋಗಲಿ ಎಂದು ಗುಂಡಿಯನ್ನು ಎರಡು ದಿನ ಮೊದಲೇ ತೆರೆದಿಟ್ಟಿದ್ದೇವೆ ಎಂದರು. ತೆರೆದದ್ದು ಅವತ್ತೇ. ಕತೆಯಲ್ಲಿ ರಾತ್ರಿ. ಆದರೆ ಶೂಟಿಂಗ್ ನಡೆದದ್ದು ಮಟಮಟ ಮಧ್ಯಾಹ್ನ. ಗುಂಡಿಯ ಸುತ್ತ ಕರೀ ಬಟ್ಟೆ ಕಟ್ಟಿ ಕತ್ತಲೆ ಮಾಡಿದರು. ಇದ್ದ ಗಾಳಿಯೂ ಹೋಯಿತು.

ಜಂಬಣ್ಣ ಕೈಕಟ್ಟಿ ನಿಂತು, "ಸಾಹೇಬ್ರ, ಇಪ್ಪತ್ತು ಎಣಿಸಿದ ಮ್ಯಾಲ ಒಂದು ಕೂಗು ಹಾಕಬೇಕ್ರಿ. ನಮ್ ಪದ್ಧತಿ ಅದು" ಎಂದ.

"ನಿಮ್ ಪದ್ಧತಿ ನಿಮ್ ಮನೇಲಿಟ್ಕೊಳಪ್ಪ. ಲೈವ್ ಸೌಂಡ್ ತಗೊಳ್ತಿದೀವಿ. ಸೈಲೆನ್ಸ್ ಅಂದ್ರೆ ಸೈಲೆನ್ಸ್" ಎಂದ ಅಸಿಸ್ಟೆಂಟ್ ಡೈರೆಕ್ಟರ್.

ಮಾರೆಪ್ಪ ಹೀರೋನ ಅಂಗಿಯ ಕಾಲರ್ ಎತ್ತಿಕೊಂಡು ನಕ್ಕನಂತೆ. "ಏ ಭಾವಾ, ಒಂದಿನ ಬಾಯ್ ಮುಚ್ಕೊಂಡಿರೋ. ಸಂಜಿಗೆ ನಿನ್ ತಂಗಿಗೆ ಹೇಳ್ತೀನಿ, ನಿಮ್ಮಣ್ಣಗ ಸುಮ್ನಿರಾಕೂ ಬರ್ತೈತಿ ಅಂತ."

ಹಗ್ಗ ಖಳನಾಯಕನ ಕೈಗೆ ಹೋಯಿತು. ಅದರ ಬಾಲ ಮಾತ್ರ ಕ್ಯಾಮೆರಾ ಕಾಣದ ಜಾಗದಲ್ಲಿ ಜಂಬಣ್ಣನ ಮುಷ್ಟಿಯಲ್ಲಿತ್ತು. ಒಂದು ಎಳೆತ ಬಂತು. ಎರಡು. ಮೂರು. ಕತೆಯಲ್ಲಿದ್ದದ್ದು ಅಷ್ಟೇ. ಆಮೇಲೆ ನಾಲ್ಕನೆಯದು ಬಂತು.

ಜಂಬಣ್ಣ ಬಾಯಿ ತೆರೆದ. ಅಸಿಸ್ಟೆಂಟ್ ತುಟಿಯ ಮೇಲೆ ಬೆರಳಿಟ್ಟು ಕಣ್ಣು ಕೆಂಪಗೆ ಮಾಡಿದ. ಜಂಬಣ್ಣ ಬಾಯಿ ಮುಚ್ಚಿದ. ಏಳು ತಲೆಮಾರಿನಿಂದ ನಮ್ಮ ಮನೆಯಲ್ಲಿ ಈ ಮಾತು ಬಂದಾಗ ರೊಟ್ಟಿ ತಟ್ಟುವ ಕೈ ನಿಲ್ಲುತ್ತದೆ. ದೊಡ್ಡವರ ಬೆರಳಿಗೆ ಹೆದರಿ ಬಾಯಿ ಮುಚ್ಚುವುದು ನಮ್ಮ ರಕ್ತಕ್ಕೆ ಕಲಿಸಿದ ತಪ್ಪು. ಅವನು ಅದನ್ನೇ ಮಾಡಿದ. ಇಪ್ಪತ್ತು ಎಣಿಸಿದ, ಕೂಗು ನುಂಗಿದ. ಮತ್ತೆ ಇಪ್ಪತ್ತು ಎಣಿಸಿದ, ಮತ್ತೆ ನುಂಗಿದ. ಹನ್ನೊಂದು ನಿಮಿಷ. ಕಟ್ ಎಂದ ಮೇಲೆ ಡೈರೆಕ್ಟರ್ ಚಪ್ಪಾಳೆ ತಟ್ಟಿ, "ಆ ನಾಲ್ಕನೇದು ಹೇಳಿಕೊಟ್ಟದ್ದಲ್ಲ ಕಣ್ರೀ! ಏನ್ ಆ್ಯಕ್ಟಿಂಗ್ ಮಾಡ್ದ!" ಎಂದನಂತೆ. ಆಮೇಲೆ ಹಗ್ಗ ಎಳೆದರು.

ಕುಡಿದಿದ್ದ, ಶೂಟಿಂಗ್ ಮುಗಿದ ಮೇಲೆ ತಾನೇ ಜಾರಿಬಿದ್ದ ಎಂದು ಕಾಗದದಲ್ಲಿ ಬರೆದರು. ಕಂತು ಪ್ರಸಾರಕ್ಕೆ ತೀರಾ ಭಯಾನಕವಾಗಿದೆ, ವೀಕ್ಷಕರ ಮನಸ್ಸು ಕದಡುತ್ತದೆ ಎಂದು ಚಾನೆಲ್ಲಿನವರು ತಡೆಹಿಡಿದರು. ಎಷ್ಟು ಮೆತ್ತನೆಯ ಮನಸ್ಸು! ಸಾವು ಕದಡಲಿಲ್ಲ, ಸಾವಿನ ಚಿತ್ರ ಕದಡಿತು. ನಿಮ್ಮ ಊರಿನ ಬುದ್ಧಿವಂತರು ತಡೆಹಿಡಿದ ಕಂತಿನ ಪರವಾಗಿ ವಿಚಾರಗೋಷ್ಠಿ ಮಾಡಿದರು, ಡೈರೆಕ್ಟರಿಗೆ ಹಾರ ಹಾಕಿದರು, ಕಲೆಯ ಸ್ವಾತಂತ್ರ್ಯ ಎಂದರು. ಹಗ್ಗದ ಆ ತುದಿಯಲ್ಲಿ ಯಾರಿದ್ದ ಎಂದು ಒಬ್ಬರೂ ಕೇಳಲಿಲ್ಲ.

ಇದು ಹಳೆಯ ಕತೆಯಾಗಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆ. ಆಗಿಲ್ಲ. ನಮ್ಮ ಕೂಗು ಕೊಳವೆಗಳೊಳಗಿಂದ ಹತ್ತಿ ಮೇಲೂರಿನ ಅಡುಗೆಮನೆಗಳಲ್ಲಿ ಕೇಳಿಸುತ್ತದಂತೆ. ಊಟದ ಹೊತ್ತಿಗೆ ಗೋಡೆಯಿಂದ ಯಾರದೋ ಅವ್ವನ ಹೆಸರು ಕೇಳಿ ಒಂದು ಮಗು ತುತ್ತು ಉಗಿಯಿತಂತೆ. ಮೇಲೂರಿನವರು ಏನು ನೋಡಬೇಕು, ಏನು ಕೇಳಬೇಕು ಎಂದು ತೀರ್ಮಾನಿಸುವುದೇ ನೆಮ್ಮದಿ ಮಂಡಳಿಯ ಕೆಲಸ. ಅವರು ಮೌನ ಇಳಿತ ಎಂಬ ಕಾನೂನು ತಂದರು. ಬಾವಿಯ ಬಾಯಲ್ಲಿ ಯಾರೂ ಕೂಗುವಂತಿಲ್ಲ. ಕೂಗಿದರೆ ಕೆಲಸವಿಲ್ಲ, ಕುಡಿಯುವ ನೀರಿಲ್ಲ. ಕೂಗಿನ ಬದಲು ಇಳಿಯುವವರ ಮಣಿಕಟ್ಟಿಗೆ ಮಿಡಿಪಟ್ಟಿ ಕಟ್ಟುತ್ತಾರೆ. ಮೈ ಬೆಚ್ಚಗಿರುವವರೆಗೆ ಮೇಲಿನ ಪರದೆಯಲ್ಲಿ ಹಸಿರು ದೀಪ ಉರಿಯುತ್ತದೆ. ಕಳೆದ ತಿಂಗಳು ಇಬ್ಬರು ಇಳಿದರು. ಅವರ ದೀಪ ಮೂರು ದಿನ ಹಸಿರಾಗೇ ಇತ್ತು. ಕೊಳವೆಯ ನೀರು ಬಿಸಿ, ಮೇಡಂ. ನಮ್ಮ ಹೆಣಗಳೂ ಬೆಚ್ಚಗೇ ಇರುತ್ತವೆ.

ನಾವು ಮಂಡಳಿಗೆ ಹೋದೆವು. ಅವರು ತಮ್ಮ ಆದೇಶದ ಒಂದು ಸಾಲು ಓದಿದರು: "ಕೂಗದೆ ಇದ್ದ ಕಾರಣಕ್ಕೆ ಸತ್ತವರು ಯಾವ ದಾಖಲೆಯಲ್ಲೂ ಇಲ್ಲ." ಒಂದೇ ಒಂದು ತೋರಿಸಿ, ಕಾನೂನು ಹಿಂತೆಗೆಯುತ್ತೇವೆ ಎಂದರು. ತಡೆಹಿಡಿದ ಕಂತುಗಳ ಹಳೆಯ ಪಟ್ಟಿಯನ್ನು ಅಲ್ಲೇ ತೆರೆಸಿದೆವು. ಇಪ್ಪತ್ತೇಳನೆಯದರ ಎದುರಿಗೆ ಇಷ್ಟು ಇತ್ತು: "ಸಂಕಲನ, ವಾರಿಜಾ. ಸೋಮವಾರ ಅವರಿಂದಲೇ ಅಳಿಸಲಾಗಿದೆ."

ಬರುವ ಶುಕ್ರವಾರ ಬೆಳಿಗ್ಗೆ ಆರಕ್ಕೆ ಮೂರನೇ ಬಾವಿಗೆ ಇಳಿಯುವ ಪಾಳಿ ನನ್ನ ಮಗಳು ಹೊನ್ನೂರವ್ವನದು. ಹತ್ತೊಂಬತ್ತು ವರ್ಷ. ಹಗ್ಗ ಹಿಡಿಯುವವನು ನನ್ನ ತಮ್ಮ ತಿಪ್ಪಣ್ಣ. ನಿನ್ನೆ ಅವನು ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು, "ಅಕ್ಕಾ, ಕೂಗಿದ್ರ ಇಡೀ ಓಣಿದು ನೀರು ಹೋಗ್ತೈತಿ. ಕೂಗದಿದ್ರ ನಿನ್ ಮಗಳು ಹೋಗ್ತಾಳ. ಯಾವ್ದು ಹೋಗ್ಲಿ ಹೇಳು" ಎಂದ. ಒಳಗಿನಿಂದ ಹೊನ್ನೂರವ್ವ, "ಹೋಗ್ಲಿ ಬಿಡೋ ಮಾವಾ. ಗಾದಿಲಿಂಗವ್ವನ ಮಗಳೇ ಅಂತ ಕೂಗಿ ಮುಗ್ಸಾದ್ರಾಗ ನಾ ಕೆಲಸ ಮುಗಿಸಿ ಮ್ಯಾಲ ಬಂದಿರ್ತೀನಿ. ನಮ್ಮವ್ವಗ ಸಣ್ ಹೆಸರಿಟ್ಟಿದ್ರ ಈ ಕಾನೂನೇ ಬರ್ತಿರಲಿಲ್ಲ" ಎಂದಳು. ತಿಪ್ಪಣ್ಣ ನಕ್ಕ. ನಾನೂ ನಕ್ಕೆ. ಮಾರೆಪ್ಪನೂ ಇಳಿಯುವ ಮೊದಲು ಹೀಗೇ ನಗಿಸಿದ್ದ ಎಂದು ನೆನಪಾಯಿತು. ಆಗಿನಿಂದ ಹಗ್ಗವನ್ನು ಮತ್ತೆ ಮತ್ತೆ ಮೊಳ ಮೊಳವಾಗಿ ಬೆರಳಾಡಿಸಿ ನೋಡುತ್ತಿದ್ದೇನೆ.

ನಿಮ್ಮನ್ನು ಬೈಯಬೇಕೆಂದು ಕೂತೆ. ಆಗುತ್ತಿಲ್ಲ. ನಿಮಗೂ ಮೇಲೊಬ್ಬ ಇದ್ದಾನೆ, ಅವನೂ ತುಟಿಯ ಮೇಲೆ ಬೆರಳಿಟ್ಟಿದ್ದಾನೆ. ಕೆಲಸ ಹೋದರೆ ಬಾಡಿಗೆ ಮನೆ, ಮಗುವಿನ ಸ್ಕೂಲು, ಎಲ್ಲ ಕಣ್ಣೆದುರಿಗೆ ಬರುತ್ತದೆ. ಆದರೆ ಆ ಹನ್ನೊಂದು ನಿಮಿಷವನ್ನು ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ನೋಡಿದವರು ನೀವೊಬ್ಬರೇ. ನಾಲ್ಕನೇ ಎಳೆತ ಕತೆಯಲ್ಲಿರಲಿಲ್ಲ ಎಂದು ನಿಮಗೆ ಗೊತ್ತು. ನೀವು ಅಳಿಸುವುದು ಒಂದು ಕಂತನ್ನಲ್ಲ. ನನ್ನ ಮಗಳನ್ನು ಮೇಲೆ ಎಳೆಯುವ ಹಗ್ಗವನ್ನು.

ಅಳಿಸಿಬಿಟ್ಟಿದ್ದೀರಿ ಎಂದು ಪಟ್ಟಿ ಹೇಳುತ್ತದೆ. ಆಗಿಹೋದದ್ದನ್ನು ಬೇಡ ಎನ್ನುವುದು ಹುಚ್ಚು ಎಂದು ನನಗೂ ಗೊತ್ತಿದೆ. ಆದರೆ ಈ ಓಲೆ ತಲುಪುವ ನಿಮ್ಮ ದಿನಕ್ಕೆ ಆ ಸೋಮವಾರ ಇನ್ನೂ ಬಂದಿಲ್ಲ. ಕೆಳಗಿನಿಂದ ಉತ್ತರ ಬರದಿದ್ದರೂ ಕೂಗುವುದು ನಮ್ಮ ಕಟ್ಟಳೆ. ಕೂಗಿದ್ದೇನೆ. ನಿಮ್ಮ ಅವ್ವನ ಹೆಸರು ಗೊತ್ತಿದ್ದರೆ ಅದನ್ನೇ ಹಿಡಿದು ಕೂಗುತ್ತಿದ್ದೆ.

ಜಂಬಣ್ಣ ನಿಮ್ಮನ್ನು ಆಫೀಸಿನ ಗೇಟಿನಲ್ಲಿ ಕಂಡು, ಆ ಚಿತ್ರ ತಗೊಂಡು ನಮ್ ಸಭೆಗೆ ಬರ್ರಿ ಅಕ್ಕಾರ ಎಂದು ಕೇಳಿಕೊಂಡಿದ್ದನಂತೆ. ನೀವು ಹೂಂ ಎಂದಿರಂತೆ, ಊಹೂಂ ಎನ್ನಲಿಲ್ಲವಂತೆ. ಮಾರೆಪ್ಪನ ಸಾವಿಗೆ ನ್ಯಾಯ ಕೇಳಲು ನಮ್ಮವರು ಕರೆದ ಆ ಸಭೆಗೆ ನಲವತ್ತು ಜನ ಬಂದಿದ್ದರು. ಎಲ್ಲರೂ ನೆಲದ ಮೇಲೆ ಕೂತರು. ಇದ್ದ ಒಂದೇ ಕುರ್ಚಿಯನ್ನು ನಿಮಗೆಂದು ಒರೆಸಿಟ್ಟಿದ್ದರು. ನಮ್ಮ ಮನೆಯ ನೆನಪಿನಲ್ಲಿ ಆ ಕುರ್ಚಿ ಇವತ್ತಿಗೂ ಖಾಲಿ ಇದೆ. ನಿಮಗೆ ಆ ಸಭೆಯ ದಿನವೂ ಇನ್ನೂ ಬಂದಿಲ್ಲ.

ಪಂಪ್‌ಹೌಸ್ ಹಿಂದಿನ ಬೇವಿನ ಮರದ ಕೆಳಗೆ, ಈ ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.