ಹಳದಿಯೆಂದು ಗೊತ್ತಾದ ಪಟ್ಟಿ

ಚಾಮರಾಜನಗರ, 1996

ಶಾಂತರಾಜು,

ನಾವಿಬ್ಬರೂ ಕೂತು ಪ್ಲಾಸ್ಟಿಕ್ ಮಾದರಿ ಕೂಡಿಸಿದ ಆ ರುಮೇನಿಯಾ ಯುದ್ಧವಿಮಾನದ ಬಾಲದ ಪಟ್ಟಿ ಹಳದಿಯೇ. ಇನ್ನು ವಾದ ಬೇಡ, ಸಾಕಾಗಿದೆ.

ಮೊನ್ನೆ ಅವ್ವನ ಮದುವೆ ಫೋಟೋಗೆ ಹೊಸ ಕಟ್ಟು ಹಾಕಿಸಲು ಗೋಡೆಯಿಂದ ಇಳಿಸಿದೆ. ಅವ್ವನ ಮುಖ ಮಸಿ ಬಳಿದ ಹಾಗಿತ್ತು. ಕೇಳಿದ್ದಕ್ಕೆ, "ಮಕದ್ ತುಂಬ ಅರಿಸ್ನ ಇತ್ತು ಕಣಪ್ಪ. ಫೋಟೋದವ್ನು ತೊಳ್ಕಂಬಾ ಅಂದ, ನಿಮ್ಮಜ್ಜಿ ಬುಡ್ನಿಲ್ಲ" ಅಂದಳು. ಆಗಿನ ಕೆಲವು ಕಪ್ಪುಬಿಳುಪು ಫಿಲ್ಮುಗಳಲ್ಲಿ ಹಳದಿ ಕಪ್ಪಗೆ ಬೀಳುತ್ತಿತ್ತಂತೆ.

ಬಣ್ಣ ಹಚ್ಚುವಾಗ ನಾವು ಎದುರಿಗಿಟ್ಟುಕೊಂಡಿದ್ದ, ಎರಡನೇ ಮಹಾಯುದ್ಧ ಕಾಲದ ಆ ವಿಮಾನದ ಎರಡು ಫೋಟೋಗಳನ್ನು ಮತ್ತೆ ತೆಗೆದು ನೋಡಿದೆ. ಒಂದರಲ್ಲಿ ಪಟ್ಟಿ ಕಪ್ಪು, ಇನ್ನೊಂದರಲ್ಲಿ ಬಿಳುಪು. ಬೇರೆ ಬೇರೆ ವಿಮಾನ ಅಂದುಕೊಂಡಿದ್ದೆವು. ರೆಕ್ಕೆಯ ಮೇಲಿನ ತೇಪೆ ಎರಡರಲ್ಲೂ ಒಂದೇ ಜಾಗದಲ್ಲಿದೆ. ವಿಮಾನ ಒಂದೇ, ಫಿಲ್ಮು ಬೇರೆ.

"ಹಳ್ದಿ ಕಣ್ಲಾ" ಎಂದು ನೀನು ಎಷ್ಟು ಹೇಳಿದೆ. ನಾನು ಕಪ್ಪೇ ಎಂದು ಹಟ ಹಿಡಿದೆ. ಕೊನೆಗೆ "ಆಯ್ತು ಬುಡು, ನಿನ್ನಿಷ್ಟ" ಎಂದು ನೀನೇ ಬ್ರಷ್ಷನ್ನು ಕಪ್ಪಿಗೆ ಅದ್ದಿದೆ.

ಇವತ್ತು ಒಂದು ಪುಟ್ಟ ಡಬ್ಬಿ ಹಳದಿ ಬಣ್ಣ ಜೇಬಿಗೆ ಹಾಕಿಕೊಂಡು ಕುದೇರಿನ ನಿನ್ನ ಮನೆಗೆ ಹೋದೆ. ನಮ್ಮ ಮಾದರಿ ವಿಮಾನ ಈಗ, ಹಾರ ಹಾಕಿದ ನಿನ್ನ ಫೋಟೋದ ಪಕ್ಕದಲ್ಲಿದೆ. ನಿನ್ನ ಹೆಂಡತಿ ಭಾನು ಕಾಫಿ ಕೊಟ್ಟು, ನಾನು ಬಂದ ಕಾರಣ ಕೇಳಿಸಿಕೊಂಡಳು.

"ಅವ್ರ ಕೈಯಾರ ಬಳ್ದಿದ್ದು. ಅಂಗೇ ಇರ್ಲಿ ಬುಡಣ್ಣ."

ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಹೊರಡುವಾಗ ಬಗ್ಗಿ ಹತ್ತಿರದಿಂದ ನೋಡಿದೆ. ನಾನು ಹೇಳಿದ ಕಪ್ಪನ್ನು ಎಷ್ಟು ನೀಟಾಗಿ ಬಳಿದಿದ್ದೀಯ, ಶಾಂತು. ಎಲ್ಲೂ ಗೆರೆ ದಾಟಿಲ್ಲ.